ಭರ್ಜಿ ಹಿಡಿದವನು, ಪಿಸ್ತೂಲು ಹಿಡಿದವನು: ‘ಟೆರರ್ ಇನ್ ಎ ಟೆಕ್ಸಾಸ್ ಟೌನ್’ (1958) ನೋಡಿದವರು ಯಾರಿದ್ದೀರಿ?

ರೀಲು ಡಬ್ಬಿ

ನಿನ್ನೆ ರಾತ್ರಿ ಊಟ ಆದ್ಮೇಲೆ ಹತ್ತು ನಿಮಿಷ ನೋಡಿ ಮಲಗೋಣ ಅಂತ ಹಾಕಿದ ಪಿಕ್ಚರು. ಎಂಬತ್ತು ನಿಮಿಷ ಇದೆ, ಪೂರ್ತಿ ನೋಡಿಯೇ ಎದ್ದೆ. ಸಾಲದು ಅಂತ ಬೆಳಗ್ಗೆ ಕಾಫಿ ಕುಡೀತಾ ಮೊದಲ ಐದು ನಿಮಿಷ ಇನ್ನೊಂದು ಸಲ ನೋಡಿದೆ. ಕಪ್ಪು-ಬಿಳುಪು ಕೌಬಾಯ್ ಪಿಕ್ಚರು. ನಿರ್ದೇಶಕ ಜೋಸೆಫ್ ಎಚ್. ಲೂಯಿಸ್. ಹತ್ತು ದಿನದಲ್ಲಿ, ಸುಮಾರು 80,000 ಡಾಲರಿನಲ್ಲಿ ಮುಗಿಸಿದ್ದು ಅಂತ ಹೇಳ್ತಾರೆ.

ಶುರುವಿನ ದೃಶ್ಯ ಹೇಳಿಬಿಡ್ತೀನಿ, ಅದರಿಂದ ಕಥೆಗೇನೂ ಕೆಡುಕಿಲ್ಲ. ಧೂಳು ಬೀದಿ. ಕ್ಯಾಮೆರಾ ಒಬ್ಬ ಬಾಡಿಗೆ ಗನ್‌ಸ್ಲಿಂಗರನ ಬೆನ್ನ ಹಿಂದೆ ನಿಂತಿದೆ; ನಮಗೆ ಕಾಣೋದು ಅವನ ಸೊಂಟ, ಸೊಂಟದ ಪಿಸ್ತೂಲು, ಕಪ್ಪು ಕೈಗವಸು. ಎದುರಿಂದ ಒಬ್ಬ ಉದ್ದನೆಯ ಆಳು ನಡ್ಕೊಂಡು ಬರ್ತಿದ್ದಾನೆ. ಹತ್ತಿರ ಬಾ, ಇನ್ನೂ ಹತ್ತಿರ ಬಾ ಅಂತ ಇವನು ಕೆಣಕ್ತಿದ್ದಾನೆ. ಆ ಉದ್ದನೆಯವನ ಹೆಗಲ ಮೇಲೆ ಬಂದೂಕಿಲ್ಲ ಕಣ್ರೀ, ತಿಮಿಂಗಿಲ ಹೊಡೆಯೋ ಹಾರ್ಪೂನಿದೆ! ಅಲ್ಲಿಗೆ ಕತ್ತರಿಸಿ, ಕಥೆ ಹಿಂದಕ್ಕೆ ಹೋಗುತ್ತೆ.

ಕಥೆ ಇಷ್ಟೇ. ಮೆಕ್‌ನೀಲ್ ಅನ್ನೋ ದಪ್ಪ ಸಾಹುಕಾರನಿಗೆ ಊರಿನ ರೈತರ ಜಮೀನಿನ ಮೇಲೆ ಕಣ್ಣು, ಯಾಕಂದ್ರೆ ಕೆಳಗೆ ಎಣ್ಣೆ ಇದೆ. ಜಾಗ ಬಿಡದವರನ್ನ ಎಬ್ಬಿಸೋಕೆ ಜಾನಿ ಕ್ರೇಲ್ ಅನ್ನೋ ಗನ್‌ಸ್ಲಿಂಗರನ್ನ ಕರೆಸ್ತಾನೆ. ಅವನು ಸ್ವೀಡನ್ನಿನಿಂದ ಬಂದು ನೆಲೆಸಿದ್ದ ಮುದುಕ ಹ್ಯಾನ್ಸನ್‌ನ ಕೊಲ್ತಾನೆ. ಮೆಕ್ಸಿಕನ್ ರೈತ ಹೋಸೆ ಮಿರಾಡಾ ಅದನ್ನ ಕಣ್ಣಾರೆ ಕಂಡೂ ಬಾಯಿ ಬಿಡಲ್ಲ; ಬಸುರಿ ಹೆಂಡತಿ ಇದ್ದಾಳೆ. ಆಮೇಲೆ ಹಡಗಿನಲ್ಲಿ ದುಡೀತಿದ್ದ ಮಗ ಜಾರ್ಜ್ ಹ್ಯಾನ್ಸನ್ ಅಪ್ಪನ್ನ ನೋಡೋಕೆ ಅಂತ ಊರಿಗೆ ಬಂದಿಳೀತಾನೆ.

ನೋಡಿದವರು ಮಾತಾಡಿ. ಕೊನೆ ಏನಾಗುತ್ತೆ ಅಂತ ಮಾತ್ರ ಯಾರೂ ಇಲ್ಲಿ ಬರೀಬೇಡಿ.

ಮಿಡಲ್ ಕ್ಲಾಸ್ ಕೌಬಾಯ್

“ಕೆಳಗೆ ಎಣ್ಣೆ ಇದೆ, ಅದಕ್ಕೆ ಕೊಲೆ” ಅಂತ ಓದಿ ಒಂದು ಕ್ಷಣ ನಮ್ಮ ಏರಿಯಾ ಬಾರ್ ಕಥೆ ಅಂದ್ಕೊಂಡೆ ಗುರು.

ಮೂರನೇ ಸಾಲು

ನೋಡೇನ್ರಿ. ಖರೇ ಹೇಳ್ಬೇಕಂದ್ರ ನನಗ ಅಷ್ಟೇನು ಹಿಡಸಲಿಲ್ಲ. ಹೀರೋ ಸ್ಟರ್ಲಿಂಗ್ ಹೇಡನ್ ಸ್ವೀಡನ್ ಮಂದಿ ಹಂಗ ಇಂಗ್ಲಿಷ್ ಮಾತಾಡ್ಲಿಕ್ಕೆ ಹೋಗಿ ಒಂದು ಸೀನಿನಾಗ ಸ್ವೀಡನ್, ಇನ್ನೊಂದ್ರಾಗ ಅಮೆರಿಕ. ನಡೀವಾಗ ಕೈ ಬೀಸೂದಿಲ್ಲ, ಕಟ್ಟಿಗಿ ಗೊಂಬಿ ನಡದಂಗ. ಬೀದ್ಯಾಗ ಮಂದಿ ಇಲ್ಲ, ಅಂಗಡ್ಯಾಗ ಗಿರಾಕಿ ಇಲ್ಲ. ರೊಕ್ಕ ಇದ್ದಿದ್ದಿಲ್ಲ ಅಂತ ಗೊತ್ತಾಗ್ತದ. ಹಾರ್ಪೂನ್ ಒಂದು ಐಡಿಯಾ ಛಲೋ ಐತಿ, ಅದನ್ನ ಬಿಟ್ರ ಇದು ಆಗಿನ ಕಾಲದ ನೂರು ಅಗ್ಗದ ಪಿಕ್ಚರ್‌ದಾಗ ನೂರಾ ಒಂದನೇದ್ದು.

ಕತ್ತರಿ

ಸಂಕಲನದ ಕೆಲಸ ಮಾಡೋಳು ನಾನು, ಹಾಗಾಗಿ ದುಡ್ಡಿನ ಲೆಕ್ಕ ಮೊದಲು ಕಣ್ಣಿಗೆ ಬೀಳುತ್ತೆ. ಹತ್ತು ದಿನಕ್ಕೆ ಎಂಬತ್ತು ನಿಮಿಷ ಅಂದ್ರೆ ದಿನಕ್ಕೆ ಎಂಟು ನಿಮಿಷದ ಸಿನಿಮಾ. ನಾನು ಕೆಲಸ ಮಾಡಿದ ಸೆಟ್ಟುಗಳಲ್ಲಿ ದಿನಕ್ಕೆ ಎರಡೂವರೆ ನಿಮಿಷ ಸಿಕ್ಕಿದ್ರೆ ಸಂಜೆ ಪ್ರೊಡ್ಯೂಸರ್ ಮುಖದಲ್ಲಿ ನಗು ಇರುತ್ತೆ. ಎಂಟು ನಿಮಿಷ ಅನ್ನೋದು ಧಾರಾವಾಹಿಯ ದಿಕ್ಕಿಗೆ ಹೋಯ್ತು. ಆದರೆ ಇದು ಧಾರಾವಾಹಿ ಥರ ಕಾಣಲ್ಲ, ಅದೇ ಸೋಜಿಗ.

ಹೇಗೆ ಅಂದ್ರೆ, ಲೂಯಿಸ್ ಒಂದೊಂದು ದೃಶ್ಯಕ್ಕೆ ಹತ್ತು ಕಡೆಯಿಂದ ಕ್ಯಾಮೆರಾ ಇಡಲ್ಲ. ಒಂದೇ ಕಡೆ ಇಟ್ಟು, ಕ್ಯಾಮೆರಾ ಮೂಗಿನ ಹತ್ತಿರಕ್ಕೆ ಯಾವುದಾದರೂ ಸಾಮಾನು ತಂದಿಡ್ತಾರೆ, ಆಳುಗಳನ್ನ ಅದರ ಹಿಂದೆ ನಿಲ್ಲಿಸ್ತಾರೆ. ಹಿಂದಿನ ಗೋಡೆ ಬಡವಾಗಿದ್ರೂ ನಮ್ಮ ಕಣ್ಣು ಮುಂದಿನ ಸಾಮಾನಿನ ಮೇಲಿರುತ್ತೆ. 1930ರ ದಶಕದಲ್ಲಿ ಅಗ್ಗದ ಕೌಬಾಯ್ ಪಿಕ್ಚರ್ ಮಾಡ್ತಿದ್ದಾಗಲೇ ಈ ಚಾಳಿ. ಗಾಡಿ ಚಕ್ರದ ಕಡ್ಡಿಗಳ ನಡುವಿಂದ ಶಾಟ್ ತೆಗೀತಾರೆ ಅಂತ ಸ್ಟುಡಿಯೋದವರು ಅವರಿಗೆ ‘ವ್ಯಾಗನ್ ವೀಲ್ ಜೋ’ ಅಂತ ಅಡ್ಡಹೆಸರು ಇಟ್ಟಿದ್ರು. ನಮ್ಮ ಕಡೆ ಆಗಿದ್ರೆ ‘ಗಾಡಿಚಕ್ರದ ಜೋಯಣ್ಣ’.

ಇನ್ನೊಂದು ತಮಾಷೆ. ಇದರ ಛಾಯಾಗ್ರಾಹಕ ರೇ ರೆನ್ನಹಾನ್. ಟೆಕ್ನಿಕಲರ್ ಬಣ್ಣದಲ್ಲಿ ಪಳಗಿದ ಕೈ. ‘ಗಾನ್ ವಿತ್ ದ ವಿಂಡ್’ (1939), ‘ಬ್ಲಡ್ ಅಂಡ್ ಸ್ಯಾಂಡ್’ (1941) ಎರಡಕ್ಕೂ ಇನ್ನೊಬ್ಬರ ಜೊತೆ ಬಣ್ಣದ ಛಾಯಾಗ್ರಹಣದ ಆಸ್ಕರ್ ಹಂಚಿಕೊಂಡಾತ. ಅಂಥವರು ಇಲ್ಲಿ ಕಪ್ಪು-ಬಿಳುಪು ಹಿಡ್ಕೊಂಡು ಕೂತಿದ್ದಾರೆ. ರೇಷ್ಮೆ ನೇಯೋರಿಗೆ ಗೋಣಿತಾಟು ಕೊಟ್ಟ ಹಾಗೆ. ಆದ್ರೂ ಆ ಬಿಸಿಲು ನೋಡಿ, ಬೀದಿ ಬೆಳ್ಳಗೆ ಸುಣ್ಣ ಬಳಿದಂಗಿದೆ, ಕ್ರೇಲ್ ಬಟ್ಟೆ ಮಾತ್ರ ಮಸಿ.

ಮೂರನೇ ಸಾಲು

ಸಾಮಾನು ಮುಂದ ಇಟ್ಟು ಬಡತನ ಮುಚ್ಚೂದು ಕಲೆ ಆಗ್ತದೇನ್ರಿ ಅಕ್ಕಾವ್ರ? ನಮ್ಮ ಮನ್ಯಾಗ ಗ್ವಾಡಿ ಬಿರುಕಿಗಿ ಕ್ಯಾಲೆಂಡರ್ ಹಾಕ್ತೇವಿ, ಅದಕ್ಕ ಯಾರೂ ಪ್ರಶಸ್ತಿ ಕೊಟ್ಟಿಲ್ಲ.

ಕತ್ತರಿ

ಕ್ಯಾಲೆಂಡರನ್ನ ಬಿರುಕಿರೋ ಕಡೆಯೇ ಸರಿಯಾಗಿ ಹಾಕೋದಿದೆಯಲ್ಲ ಸಾರ್, ಅದಕ್ಕೇ ಅಂತ ಒಂದು ಕಣ್ಣು ಬೇಕು.

ನಿವೃತ್ತ ಮೇಷ್ಟ್ರು

ಸ್ನೇಹಿತರೇ, ಈ ಚಿತ್ರದ ವಿಷಯದಲ್ಲಿ ತೆರೆಯ ಹಿಂದಿನ ಸಂಗತಿ ತಿಳಿಯದೆ ಹೋದರೆ ಅರ್ಧ ಚಿತ್ರ ಮಾತ್ರ ನೋಡಿದಂತೆ. ತುಸು ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಚಿತ್ರಕಥೆ ಬೆನ್ ಎಲ್. ಪೆರಿ ಎಂದು ತೆರೆಯ ಮೇಲೆ ಬರುತ್ತದೆ. ಬರೆದವರು ಡಾಲ್ಟನ್ ಟ್ರಂಬೊ. 1947ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದು ಹಾಲಿವುಡ್‌ನಲ್ಲಿ ಕಮ್ಯುನಿಸ್ಟರು ಎಷ್ಟಿದ್ದಾರೆ ಎಂದು ವಿಚಾರಣೆಗೆ ಕೂತಿತು. ಉತ್ತರ ಕೊಡಲು ಒಪ್ಪದ ಹತ್ತು ಮಂದಿಯಲ್ಲಿ ಟ್ರಂಬೊ ಒಬ್ಬರು. ಸಂಸತ್ತಿನ ನಿಂದನೆ ಎಂದು ಶಿಕ್ಷೆಯಾಗಿ 1950ರಲ್ಲಿ ಕೆಂಟಕಿಯ ಜೈಲು ಸೇರಿದರು. ಹೊರಬಂದ ಮೇಲೂ ಕಪ್ಪುಪಟ್ಟಿಯಲ್ಲಿದ್ದ ಕಾರಣ ಯಾವ ಸ್ಟುಡಿಯೋವೂ ಅವರ ಹೆಸರಿನಲ್ಲಿ ಕೆಲಸ ಕೊಡುವಂತಿರಲಿಲ್ಲ. ಹೀಗಾಗಿ ಬೇರೆಯವರ ಹೆಸರಿನಲ್ಲಿ, ಕಡಿಮೆ ಸಂಬಳಕ್ಕೆ, ಒಂದರ ಮೇಲೊಂದು ಬರೆದರು. ‘ರಾಬರ್ಟ್ ರಿಚ್’ ಎಂಬ ಹೆಸರಿಗೆ 1957ರ ಸಮಾರಂಭದಲ್ಲಿ ಆಸ್ಕರ್ ಬಂದಾಗ ಅದನ್ನು ಪಡೆಯಲು ಆ ಹೆಸರಿನವರು ಯಾರೂ ವೇದಿಕೆಗೆ ಬರಲಿಲ್ಲ, ಬರೆದವರು ಟ್ರಂಬೊ. ಸ್ವಂತ ಹೆಸರು ತೆರೆಗೆ ಮರಳಿದ್ದು 1960ರಲ್ಲಿ.

ಈಗ ಗನ್‌ಸ್ಲಿಂಗರ್ ಕ್ರೇಲ್. ಆ ಪಾತ್ರ ಮಾಡಿದ ನೆಡ್ರಿಕ್ ಯಂಗ್ ಕೂಡ ಸಮಿತಿಯ ಎದುರು ಬಾಯಿ ಬಿಡಲೊಪ್ಪದೆ ಕಪ್ಪುಪಟ್ಟಿ ಸೇರಿದವರೇ. ನಟ ಮಾತ್ರವಲ್ಲ, ಒಳ್ಳೆಯ ಲೇಖಕ. ಇದೇ 1958ರಲ್ಲಿ ಬಂದ ‘ದ ಡಿಫೈಯಂಟ್ ಒನ್ಸ್’ ಚಿತ್ರಕ್ಕೆ ‘ನೇಥನ್ ಇ. ಡಗ್ಲಸ್’ ಎಂಬ ಕಳ್ಳಹೆಸರಿನಲ್ಲಿ ಜೊತೆಗಾರನೊಡನೆ ಬರೆದು ಆಸ್ಕರ್ ಗೆದ್ದರು.

ಇನ್ನು ನಾಯಕ. ಸ್ಟರ್ಲಿಂಗ್ ಹೇಡನ್ 1951ರಲ್ಲಿ ಅದೇ ಸಮಿತಿಯ ಮುಂದೆ ಹೋಗಿ, ಗೆಳೆಯರ ಹೆಸರುಗಳನ್ನು ಹೇಳಿ ಬಂದವರು. ಆಮೇಲೆ ಜೀವಮಾನವಿಡೀ ಅದಕ್ಕಾಗಿ ಪರಿತಪಿಸಿದರು. 1963ರ ತಮ್ಮ ಆತ್ಮಕಥೆಯಲ್ಲಿ ತಮ್ಮನ್ನು ತಾವೇ ಬಿಡದೆ ಜಾಡಿಸಿದ್ದಾರೆ.

ಅಂದರೆ ಆ ಧೂಳುಬೀದಿಯಲ್ಲಿ ಎದುರುಬದುರು ನಿಂತವರು ಯಾರು ನೋಡಿ. ಹೆಸರು ಹೇಳಿದವನು ಧೈರ್ಯವಂತನ ಪಾತ್ರದಲ್ಲಿ, ಹೇಳದೆ ಅನ್ನ ಕಳೆದುಕೊಂಡವನು ಬಾಡಿಗೆ ಕೊಲೆಗಾರನ ಪಾತ್ರದಲ್ಲಿ. ಇಬ್ಬರ ಬಾಯಿಗೂ ಮಾತು ಹಾಕಿದವನು ಜೈಲಿನಿಂದ ಬಂದ ಟ್ರಂಬೊ.

ರೀಲು ಡಬ್ಬಿ

ಮೇಷ್ಟ್ರೇ, ಮೈ ಜುಮ್ ಅಂತು. ಹಾರ್ಪೂನ್ ನೋಡಿ ಮಜಾ ತಗೊಂಡಿದ್ದೆ ಅಷ್ಟೆ, ಇದು ಒಂದೂ ಗೊತ್ತಿರಲಿಲ್ಲ.

ಮೂರನೇ ಸಾಲು

ಮೇಷ್ಟ್ರ ಮಾತು ಒಪ್ಕೋತೇನಿ, ಮಾಹಿತಿ ಭಾಳ ಛಲೋ ಐತಿ. ಆದ್ರ ನನ್ನ ಪ್ರಶ್ನೆ ಹಂಗ ಉಳೀತು. ತೆರಿ ಹಿಂದಿನ ಕಥಿ ದೊಡ್ಡದು ಅಂತ ತೆರಿ ಮ್ಯಾಲಿನ ಪಿಕ್ಚರ್ ದೊಡ್ಡದು ಆಗೂದಿಲ್ಲ. ಅಡಗಿ ಮಾಡಿದಾವ ಜೈಲಿಗಿ ಹೋಗಿ ಬಂದಾನಂತ ಸಾರಿಗಿ ಉಪ್ಪು ಬರ್ತದೇನು?

ಟೆಕ್ಸಾಸ್ ಕನ್ನಡತಿ

ಹ್ಯೂಸ್ಟನ್‌ನಿಂದ ಬರೀತಿದ್ದೀನಿ. ಇಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಬ್ಯೂಮಾಂಟ್ ಅಂತ ಊರು. ಅದರ ಪಕ್ಕದ ಸ್ಪಿಂಡಲ್‌ಟಾಪ್ ದಿಣ್ಣೆಯಲ್ಲಿ 1901ರ ಜನವರಿ 10ರಂದು ಎಣ್ಣೆ ಚಿಮ್ಮಿತು, ಟೆಕ್ಸಾಸ್ ನಸೀಬೇ ಬದಲಾಯ್ತು. ಈಗ ಅಲ್ಲೊಂದು ಮ್ಯೂಸಿಯಂ ಇದೆ, ಅಟ್ಟಣಿಗೆಯ ನಕಲು ಕಟ್ಟಿ ಎಣ್ಣೆ ಬದಲು ನೀರು ಚಿಮ್ಮಿಸ್ತಾರೆ. ಊರಿಂದ ಬಂದ ಅತ್ತೆ-ಮಾವನ್ನ ಕರ್ಕೊಂಡು ಹೋಗಿದ್ದೆ. ಮಾವ ಒದ್ದೆಯಾಗಿ, “ಇಷ್ಟು ನೀರು ನಮ್ಮ ಬೋರ್‌ವೆಲ್ಲಿಗೆ ಬಂದಿದ್ರೆ ಸಾಕಾಗಿತ್ತಮ್ಮ” ಅಂದ್ರು.

ಪಿಕ್ಚರಲ್ಲಿ ಮೆಕ್‌ನೀಲ್‌ಗೆ ಯಾಕಿಷ್ಟು ಆತುರ ಅಂತ ಇಲ್ಲಿ ಇದ್ದವರಿಗೆ ಬೇಗ ಅರ್ಥ ಆಗುತ್ತೆ. ಈ ರಾಜ್ಯದಲ್ಲಿ ನೆಲದಡಿಯ ಎಣ್ಣೆಯ ಹಕ್ಕು ಸರ್ಕಾರದ್ದಲ್ಲ, ಮೂಲತಃ ನೆಲದ ಒಡೆಯನದು. ಮೇಲಿನ ಜಮೀನು ಒಬ್ಬರಿಗೆ, ಕೆಳಗಿನ ಹಕ್ಕು ಇನ್ನೊಬ್ಬರಿಗೆ ಅಂತ ಬೇರೆ ಬೇರೆ ಮಾರಲೂಬಹುದು. ಅಂದ್ರೆ ಕೆಳಗೆ ಎಣ್ಣೆ ಇರೋದು ಗೊತ್ತಾದ ದಿನ ಒಣ ಜೋಳದ ಹೊಲದ ರೈತ ಶ್ರೀಮಂತ. ಅದು ಅವನಿಗೆ ಗೊತ್ತಾಗೋ ಮೊದಲೇ ಓಡಿಸಬೇಕು. ಗನ್‌ಸ್ಲಿಂಗರ್ ಇಲ್ಲಿ ಒಂದು ಥರ ರಿಯಲ್ ಎಸ್ಟೇಟ್ ಬ್ರೋಕರ್.

ಮಿಡಲ್ ಕ್ಲಾಸ್ ಕೌಬಾಯ್

ಬೆಂಗಳೂರಿನೋರಿಗೂ ಬೇಗ ಅರ್ಥ ಆಗುತ್ತೆ ಅಕ್ಕಾ, ಎಣ್ಣೆ ಬೇಡ, ರಿಂಗ್ ರೋಡ್ ಬರುತ್ತೆ ಅಂದ್ರೆ ಸಾಕು.

ಅಂದ ಹಾಗೆ ಗನ್‌ಸ್ಲಿಂಗರ್‌ಗೆ ಕನ್ನಡದಲ್ಲಿ ಏನಂತೀರಿ? ‘ಸುಪಾರಿ ಕಿಲ್ಲರ್’ ಅಂದ್ರೆ ಕೌಬಾಯ್ ಟೋಪಿ ಬಿದ್ದೋಗುತ್ತೆ.

ಕತ್ತರಿ

‘ಕೋವಿಗಾರ’ ಅನ್ನಬಹುದಿತ್ತು, ಆದರೆ ಕೋವಿ ಅಂದ ಕೂಡಲೇ ನನಗೆ ಕೊಡಗಿನ ಮನೆ ಗೋಡೆ ಮೇಲಿನ ಉದ್ದ ನಳಿಗೆ ಕಣ್ಣಿಗೆ ಬರುತ್ತೆ. ಸೊಂಟದಿಂದ ಕಿತ್ತು ಹೊಡೆಯೋದಲ್ಲ ಅದು.

ನಿವೃತ್ತ ಮೇಷ್ಟ್ರು

ಆ ಇಂಗ್ಲಿಷ್ ಪದವೂ ಹಳೆಯದಲ್ಲ. ಇಪ್ಪತ್ತನೇ ಶತಮಾನದ ಕಾದಂಬರಿ, ಸಿನಿಮಾಗಳು ಚಾಲ್ತಿಗೆ ತಂದದ್ದು. ನಿಜವಾದ ಹಳೆಯ ಪಶ್ಚಿಮದಲ್ಲಿ ಎಷ್ಟೋ ಊರುಗಳೊಳಗೆ ಪಿಸ್ತೂಲು ಹಿಡಿದು ತಿರುಗುವುದೇ ನಿಷಿದ್ಧವಾಗಿತ್ತು. 1881ರಲ್ಲಿ ಟೂಂಬ್‌ಸ್ಟೋನ್ ಊರಿನಲ್ಲಿ ನಡೆದ ಆ ಪ್ರಖ್ಯಾತ ಗುಂಡಿನ ಕಾಳಗಕ್ಕೂ ಅಂಥ ನಿಯಮದ ನೆಪವೇ ಇತ್ತು. ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರು ಎದುರುಬದುರು ನಿಂತು ಯಾರು ಮೊದಲು ಎಂದು ನೋಡುವುದು ಬಹುಪಾಲು ಸಿನಿಮಾದವರ ಸೃಷ್ಟಿ.

ಮಲ್ಪೆ ಮೀನು

ನಾನು ಕೌಬಾಯ್ ಪಿಚ್ಚರ್ ನೋಡುವವ ಅಲ್ಲ ಮಾರಾಯ್ರೆ. ಹಾರ್ಪೂನ್ ಉಂಟು ಅಂತ ಕೇಳಿ ನೋಡಿದ್ದು. ಬೋಟಿನ ಕೆಲಸ ಮಾಡಿದವ ನಾನು, ನಮ್ಮಲ್ಲಿ ತಿಮಿಂಗಿಲ ಹೊಡಿಯುವ ಕಸುಬು ಇಲ್ಲ, ಆದ್ರೆ ಆ ವಿಷಯದ ಹುಚ್ಚು ನಂಗೆ ಸಣ್ಣದ್ರಿಂದ ಉಂಟು.

ಮೊದಲನೆಯದಾಗಿ, ಹಾರ್ಪೂನ್ ಕೊಲ್ಲುವ ಆಯುಧ ಅಲ್ಲ. ಅದು ಕೊಕ್ಕೆ. ತಿಮಿಂಗಿಲದ ಮೈಗೆ ನೆಟ್ಟು, ಹಗ್ಗದಲ್ಲಿ ದೋಣಿಯನ್ನು ಅದಕ್ಕೆ ಕಟ್ಟಿಕೊಳ್ಳುವುದು ಅಷ್ಟೆ. ಅದು ಎಳೆದು ಎಳೆದು ಸುಸ್ತಾದ ಮೇಲೆ ಕೊಲ್ಲುವುದು ಬೇರೆ ಉದ್ದದ ಈಟಿಯಲ್ಲಿ. 1848ರಲ್ಲಿ ನ್ಯೂ ಬೆಡ್‌ಫರ್ಡ್‌ನ ಲೂಯಿಸ್ ಟೆಂಪಲ್ ಅಂತ ಒಬ್ಬ ಕಪ್ಪು ಕಮ್ಮಾರ ತುದಿ ಒಳಗೆ ಹೋಗಿ ಅಡ್ಡ ತಿರುಗುವ ಹಾಗೆ ಮಾಡಿದ. ಆಮೇಲೆ ಎಲ್ಲ ಅದನ್ನೇ ಹಿಡಿದದ್ದು, ಪಾಪ ಆತ ಪೇಟೆಂಟ್ ಮಾಡಿಸ್ಲಿಲ್ಲ.

ಎರಡನೆಯದು, ಅದು ಭಾರ. ದೂರ ಎಸೆಯಲಿಕ್ಕೆ ಆಗುದಿಲ್ಲ. ದೋಣಿ ತಿಮಿಂಗಿಲಕ್ಕೆ ತಾಗುವಷ್ಟು ಹತ್ತಿರ ಹೋದ ಮೇಲೇ ಎಸೆಯುದು. ಈಗ ಆ ಬೀದಿಯ ಸೀನ್ ನೋಡಿ. ಪಿಸ್ತೂಲಿನವ ನಿಂತಲ್ಲೇ ನಿಂತರೆ ಸಾಕು. ಭರ್ಜಿಯವ ನಡಿಯಲೇಬೇಕು. ಪಿಸ್ತೂಲಿನವನಿಗೆ ಅದು ಗೊತ್ತುಂಟು, ಅದಕ್ಕೇ “ಇನ್ನೂ ಹತ್ತಿರ ಬಾ” ಅಂತ ಕೆಣಕುದು. ಬೇರೆ ಕೌಬಾಯ್ ಪಿಚ್ಚರಿನಲ್ಲಿ ಇಬ್ಬರಿಗೂ ಒಂದೇ ದೂರ, ಬೆರಳು ಯಾರದ್ದು ಚುರುಕು ಅಂತ ಮಾತ್ರ ಲೆಕ್ಕ. ಇಲ್ಲಿ ಒಬ್ಬನ ಗುಂಡಿಗೆ ದೂರ ಲೆಕ್ಕವೇ ಇಲ್ಲ, ಇನ್ನೊಬ್ಬನಿಗೆ ಪ್ರತಿ ಹೆಜ್ಜೆಯೂ ಸಾಯುವ ಜಾಗ. ನಂಗೆ ಬೆವರು ಬಂತು.

ಮೂರನೆಯದು, ಹೇಡನ್ ನಡಿಗೆ ಕಟ್ಟಿಗೆ ಗೊಂಬೆ ಅಂದವರಿಗೆ. ಆ ಮನುಷ್ಯ ನಟ ಆಗುವ ಮೊದಲು ಖರೇ ನಾವಿಕ. ಹಾಯಿಹಡಗಿನಲ್ಲಿ ದುಡಿದು, 22ನೇ ವಯಸ್ಸಿಗೆ ಕ್ಯಾಪ್ಟನ್ ಆದವ. ಈ ಪಿಚ್ಚರ್ ಬಂದ ಮರುವರ್ಷ 1959ರಲ್ಲಿ ಕೋರ್ಟ್ ಬೇಡ ಅಂದರೂ ಕೇಳದೆ ನಾಲ್ಕು ಮಕ್ಕಳನ್ನು ಹಾಯಿಹಡಗಿಗೆ ಹತ್ತಿಸಿಕೊಂಡು ತಾಹಿತಿಗೆ ಹೋದವ! ಬೋಟಿನಲ್ಲಿ ತಿಂಗಳುಗಟ್ಟಲೆ ಇದ್ದು ದಕ್ಕೆಗೆ ಇಳಿದವರು ಹೇಗೆ ನಡೀತಾರೆ ಅಂತ ಒಂದು ಸಲ ಮಲ್ಪೆಗೆ ಬಂದು ನೋಡಿ. ಕೈ ಬೀಸುದಿಲ್ಲ, ಕಾಲು ಅಗಲ, ನೆಲ ಈಗ ಅಲುಗುತ್ತದೆ ಅನ್ನುವ ಹಾಗೆ.

ರೀಲು ಡಬ್ಬಿ

ಮಲ್ಪೆ ಅಣ್ಣಾ, ನೀವು ಕೌಬಾಯ್ ಪಿಕ್ಚರ್ ನೋಡಲ್ಲ ಅಂತ ಮಾತ್ರ ಇನ್ನೊಮ್ಮೆ ಹೇಳ್ಬೇಡಿ.

ಮೂರನೇ ಸಾಲು

ನಡಗಿ ವಿಷಯ ಮಲ್ಪೆಯವರಿಗಿ ಬಿಟ್ಟೆ. ಸ್ವೀಡನ್ ಮಾತು ಮಾತ್ರ ಬಿಡಂಗಿಲ್ಲ.

ಟೆಕ್ಸಾಸ್ ಕನ್ನಡತಿ

ಮೇಷ್ಟ್ರ ಮಾತಿಗೆ ಒಂದು ತಕರಾರು ಇದೆ. ರಾತ್ರಿ ಇಡೀ ಅದೇ ತಲೇಲಿತ್ತು.

ಸಮಿತಿ ಕಥೆಯನ್ನ ಪಿಕ್ಚರ್ ಮೇಲೆ ಹೊದಿಸಿದ್ರೆ ಒಂದು ಕಡೆ ಹರಿಯುತ್ತೆ. ವಾಷಿಂಗ್ಟನ್ನಿನಲ್ಲಿ ಬಾಯಿ ಮುಚ್ಚಿಕೊಂಡವರು ಗಟ್ಟಿಗರು, ಬಾಯಿ ಬಿಟ್ಟವರು ಅಂಜಿದವರು. ಟ್ರಂಬೊ ಮುಚ್ಚಿಕೊಂಡರು, ಜೈಲಿಗೆ ಹೋದರು. ಹೇಡನ್ ಬಿಟ್ಟರು, ಕೆಲಸ ಉಳೀತು. ಆದರೆ ಪಿಕ್ಚರಲ್ಲಿ? ಸಾಕ್ಷಿ ಮಿರಾಡಾ. ಅಂಜಿದಾಗ ಬಾಯಿ ಮುಚ್ಚಿಕೊಳ್ತಾನೆ, ಗಟ್ಟಿಯಾದಾಗ ಕೊಲೆಗಾರ ಯಾರು ಅಂತ ಹೆಸರು ಹೇಳ್ತಾನೆ. ಪೂರ್ತಿ ತಿರುಗುಮುರುಗು! ತನ್ನ ಜೀವನದ ಕಥೆಯನ್ನೇ ಟೆಕ್ಸಾಸಿಗೆ ತಂದಿದ್ದಿದ್ರೆ ಟ್ರಂಬೊ ಹೆಸರು ಹೇಳೋನನ್ನ ಹೀರೋ ಮಾಡ್ತಿದ್ರಾ? ಅದಕ್ಕೇ ‘ಇದು ಕಪ್ಪುಪಟ್ಟಿಯ ರೂಪಕ’ ಅಂದ್ಬಿಟ್ಟು ಪಕ್ಕಕ್ಕಿಡೋದು ನನಗೆ ಸರಿ ಕಾಣಲ್ಲ.

ಮತ್ತೆ ಹೀರೋ ಯಾರು ಅನ್ನೋದೂ ನನಗೆ ಡೌಟು. ಹ್ಯಾನ್ಸನ್ ಹತ್ರ ಹಾರ್ಪೂನ್ ಇದೆ. ಮಿರಾಡಾ ಹತ್ರ ಏನೂ ಇಲ್ಲ. ಕ್ರೇಲ್ ಬಂದು ಎದುರು ನಿಂತಾಗ ಆ ಮನುಷ್ಯ ಬೇಡಿಕೊಳ್ಳಲ್ಲ, ಓಡಲ್ಲ. ಕ್ರೇಲ್ ಇಷ್ಟು ದಿನ ಬದುಕಿದ್ದೇ ಎದುರಿನವರ ಕಣ್ಣಲ್ಲಿ ಭಯ ನೋಡಿ. ಸಾಯೋಕೆ ಅಂಜದವನನ್ನ ಮೊದಲ ಸಲ ನೋಡ್ತಾನೆ. ಗುಂಡು ಹೊಡೀತಾನೆ, ಆದರೆ ಅಲ್ಲಿಂದ ಮುಂದೆ ಅವನು ಹಳೇ ಕ್ರೇಲ್ ಅಲ್ಲ. ಮಾತು ತಡವರಿಸುತ್ತೆ, ಅದನ್ನೇ ಹೇಳ್ಕೊಂಡು ತಿರುಗ್ತಾನೆ. ಹ್ಯಾನ್ಸನ್ ಬೀದಿಗೆ ಬರೋ ಹೊತ್ತಿಗೆ ಕ್ರೇಲ್ ಅರ್ಧ ಸೋತಾಗಿದೆ.

ಕತ್ತರಿ

ವಿಕ್ಟರ್ ಮಿಲನ್ ಆ ಪಾತ್ರ ಮಾಡಿರೋದು. ಆ ಕಾಲದ ಕೌಬಾಯ್ ಪಿಕ್ಚರಲ್ಲಿ ಮೆಕ್ಸಿಕನ್ ಅಂದ್ರೆ ಟೋಪಿ ಮುಖದ ಮೇಲೆ ಎಳ್ಕೊಂಡು ನಿದ್ದೆ ಹೊಡೆಯೋನು, ಇಲ್ಲ ಕುಡುಕ, ಇಲ್ಲ ಡಕಾಯಿತ. ಇವನು ಹೆಂಡತಿ ಮಕ್ಕಳ ಬಗ್ಗೆ ಯೋಚನೆ ಮಾಡೋ ಮಾಮೂಲಿ ಮನುಷ್ಯ. ಎಂಬತ್ತು ನಿಮಿಷದಲ್ಲಿ ಅದಕ್ಕೂ ಜಾಗ ಮಾಡಿದ್ದಾರೆ.

ನಿವೃತ್ತ ಮೇಷ್ಟ್ರು

ತಂಗೀ, ತಕರಾರು ಒಪ್ಪತಕ್ಕದ್ದೇ. ನಾನು ಇಬ್ಬರು ನಟರನ್ನು ನೋಡಿ ಬೆರಗಾಗಿ ಸಾಕ್ಷಿಯನ್ನು ಮರೆತೆ. ಆದರೆ ಒಂದು ಸಣ್ಣ ಸಂಗತಿ ಗಮನಿಸಿ. ಮಿರಾಡಾ ಹೆಸರು ಹೇಳುವುದು ಯಾರಿಗೆ? ಶೆರೀಫನಿಗಲ್ಲ, ಶೆರೀಫ್ ಮೆಕ್‌ನೀಲನ ಜೇಬಿನಲ್ಲಿದ್ದಾನೆ. ಸತ್ತವನ ಮಗನಿಗೆ ಹೇಳುತ್ತಾನೆ. ಹೇಡನ್ ಹೆಸರು ಹೇಳಿದ್ದು ಅಧಿಕಾರದ ಮುಂದೆ, ಅನ್ನ ಉಳಿಸಿಕೊಳ್ಳಲು. ಮಿರಾಡಾ ಹೇಳಿದ್ದು ನ್ಯಾಯ ಸಿಗದವನ ಮುಂದೆ, ಪ್ರಾಣ ಕೊಟ್ಟು. ಎರಡೂ ಬಾಯಿ ಬಿಡುವುದೇ, ಆದರೆ ಒಂದೇ ಅಲ್ಲ. ಟ್ರಂಬೊಗೆ ಆ ವ್ಯತ್ಯಾಸ ಗೊತ್ತಿಲ್ಲದೆ ಇರಲಿಕ್ಕಿಲ್ಲ.

ಇನ್ನೂ ಒಂದು. ಆ ಮಾತನ್ನು ಮಿರಾಡಾನ ಬಾಯಿಂದ ಕೇಳಿಸಿಕೊಳ್ಳುವವನು ತೆರೆಯ ಮೇಲೆ ಯಾರು? ಸ್ಟರ್ಲಿಂಗ್ ಹೇಡನ್. ಆ ದೃಶ್ಯವನ್ನು ಇವತ್ತು ಮತ್ತೆ ನೋಡಿದೆ. ಕಣ್ಣು ಎತ್ತಿ ನೋಡಲಾರದ ಹಾಗೆ ಕಂಡಿತು. ಅದು ನಟನೆಯೋ, ನನ್ನ ತಲೆಯಲ್ಲಿದ್ದುದೋ ಹೇಳಲಾರೆ.

ಮೂರನೇ ಸಾಲು

ನಿಮ್ಮ ತಲಿಯಾಗಿಂದು ಮೇಷ್ಟ್ರ. ಆದ್ರೂ ಇವತ್ತ ರಾತ್ರಿ ಇನ್ನೊಮ್ಮೆ ಹಾಕ್ತೇನಿ.

ಮಿಡಲ್ ಕ್ಲಾಸ್ ಕೌಬಾಯ್

ಯಾರೂ ಸಂಗೀತದ ಬಗ್ಗೆ ಹೇಳಿಲ್ಲ. ಜೆರಾಲ್ಡ್ ಫ್ರೈಡ್. ಡೈರೆಕ್ಟರ್ ಸ್ಟ್ಯಾನ್ಲಿ ಕ್ಯೂಬ್ರಿಕ್ ಮೊದಮೊದಲ ಪಿಕ್ಚರ್‌ಗಳಿಗೆ ಮಾಡಿದವನು. ಕಹಳೆ ಜಾಸ್ತಿ ಆಯ್ತು, ಪಕ್ಕದ ಮನೆಯವರು ಬಾಗಿಲು ತಟ್ಟಿದ್ರು.

ಮಾಲಿ ಅನ್ನೋ ಪಾತ್ರ ನನಗೆ ಇಷ್ಟ ಆಯ್ತು. ಕ್ರೇಲ್ ಜೊತೆ ಇರೋ ಹೆಂಗಸು. ಇಂಥವನ ಜೊತೆ ಯಾಕಮ್ಮಾ ಇದ್ದೀಯ ಅಂತ ಕೇಳಿದ್ರೆ, ಇವನ್ನ ನೋಡ್ತಾ ಇದ್ರೆ ನನಗಿಂತ ಕೀಳಾದವರು ಒಬ್ಬರಾದ್ರೂ ಇದ್ದಾರೆ ಅಂತ ಸಮಾಧಾನ ಆಗುತ್ತೆ ಅನ್ನೋ ಅರ್ಥದ ಮಾತು ಹೇಳ್ತಾಳೆ. ಹತ್ತು ದಿನದ ಪಿಕ್ಚರಲ್ಲಿ ಈ ಮಟ್ಟದ ಡೈಲಾಗ್!

ಕತ್ತರಿ

ಅದಕ್ಕೇ ಹೇಳೋದು, ದುಡ್ಡಿಲ್ಲದಿದ್ರೂ ಬರೆಯೋನು ಟ್ರಂಬೊ ಆಗಿದ್ರೆ ಸಾಕು. ಆ ಕಾಲಕ್ಕೆ ಅಂಥವರು ಅಗ್ಗಕ್ಕೆ ಸಿಗ್ತಿದ್ರು ಅನ್ನೋದು ಬೇಸರದ ವಿಷಯ. ‘ಹೈ ನೂನ್’ (1952) ಅನ್ನೋ ಕೌಬಾಯ್ ಪಿಕ್ಚರ್‌ಗೆ ಖರ್ಚು ಏಳು ಲಕ್ಷ ಡಾಲರ್ ದಾಟಿತ್ತು, ಅದರ ಮುಂದೆ ಇದು ಪುಡಿಗಾಸು. ಲೂಯಿಸ್‌ಗೆ ಇದೇ ಕೊನೇ ಪಿಕ್ಚರು, ಆಮೇಲೆ ಟೀವಿ ಕೌಬಾಯ್ ಸರಣಿಗಳಿಗೆ ಹೋದ್ರು. ಇದೇ ತಂಡದ ಹಳೇ ಕೆಲಸ ನೋಡ್ಬೇಕಂದ್ರೆ ಲೂಯಿಸ್‌ರ ‘ಗನ್ ಕ್ರೇಜಿ’ (1950) ನೋಡಿ. ಅಲ್ಲೂ ಟ್ರಂಬೊ ಬೇರೆ ಹೆಸರಲ್ಲಿ ಬರೆದಿದ್ದಾರೆ, ಅಲ್ಲೂ ನೆಡ್ರಿಕ್ ಯಂಗ್ ಸಣ್ಣ ಪಾತ್ರ ಮಾಡಿದ್ದಾರೆ. ಕಾರಿನ ಹಿಂದಿನ ಸೀಟಿಂದ ಒಂದೇ ಶಾಟಿನಲ್ಲಿ ತೆಗೆದ ಬ್ಯಾಂಕ್ ದರೋಡೆ ಇದೆ, ನಮ್ಮ ಸಂಕಲನದವರಿಗೆ ಕೆಲಸವೇ ಇಲ್ಲ ಅದರಲ್ಲಿ.

ಮೂರನೇ ಸಾಲು

ನೋಡಿದೆ, ಎರಡನೇ ಸಲ. ಮೇಷ್ಟ್ರು ಹೇಳಿದ ಸೀನಿನಾಗ ಹೇಡನ್ ಕಣ್ಣು ನೋಡಿದೆ. ಏನೂ ಹೇಳಂಗಿಲ್ಲ ನಾನು. ಮಿರಾಡಾನ ಸೀನು ಮಾತ್ರ ಹೋದ ಸಲ ಫೋನ್ ನೋಡ್ಕೋತ ಕುಂತು ಕಳಕೊಂಡಿದ್ದೆ, ಅದು ನನ್ನ ತಪ್ಪು. ಸ್ವೀಡನ್ ಮಾತು ಎರಡನೇ ಸಲಾನೂ ಹಂಗ ಐತಿ.

ನಮ್ಮವ್ವ ನಡುವ ಬಂದು ಹತ್ತು ನಿಮಿಷ ಕುಂತ್ಲು. ಆಕಿಗಿ ಇಂಗ್ಲಿಷ್ ಬರಂಗಿಲ್ಲ. ಕ್ರೇಲ್‌ನ ಬಲಗೈ ಕಡೆ ಬಟ್ಟು ಮಾಡಿ, “ಆ ಕರೀ ಗವಸಿನ ಕೈ ಯಾಕ ಅಲ್ಲಾಡವಲ್ದು?” ಅಂದ್ಲು. ಕೈ ಹೋಗೇತಿ ಅವ್ವಾ, ಒಳಗ ಉಕ್ಕಿಂದು ಐತಿ, ಎಡಗೈಲೆ ಗುಂಡು ಹೊಡಿಯೂದು ಕಲತಾನ ಅಂದೆ. “ಮತ್ತ ಉಣ್ಣೂದು ಯಾ ಕೈಲೆ?” ಅಂದ್ಲು. ನಾ ನೋಡಿಲ್ಲ. ನೀವು ಯಾರರ ನೋಡೀರೇನು?

ರೀಲು ಡಬ್ಬಿ

ಅಮ್ಮನಿಗೆ ನಮಸ್ಕಾರ ಹೇಳಿ ಸಾರ್. ನಾನೂ ಗಮನಿಸಿಲ್ಲ. ಇವತ್ತು ರಾತ್ರಿ ಮೂರನೇ ಸಲ ಹಾಕ್ತೀನಿ.